ರೆಪ್ಪೆಗೊಂದು ತಂಪು

ಗಂಡಸಿನ ಕಣ್ಣು ಊದಿಕೊಂಡರೆ ‘ರಾತ್ರಿ ನಿದ್ದೆಗೆಟ್ಟಿರಬೇಕು’ ಎನ್ನುತ್ತಾರೆ. ಹೆಂಗಸಿನ ಕಣ್ಣು ಊದಿಕೊಂಡರೆ ಅತ್ತಿದ್ದಾಳೆ ಎಂದೇ ತೀರ್ಮಾನ. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ದಪ್ಪ ರೆಪ್ಪೆ ಹೊತ್ತು ಬಂದು ಕೂತರೆ ಸಾಕು, “ಯಾಕ್ರೀ, ಮನೇಲಿ ಏನಾದ್ರೂ ಆಯ್ತಾ?” ಎಂಬ ಪಿಸುಮಾತು ಶುರುವಾಗುತ್ತದೆ. ಈರುಳ್ಳಿ ಹೆಚ್ಚಿದೆ ಎಂದರೆ ನಂಬುವವರು ಯಾರು? ಕಣ್ಣಿನ ಊತ ಇಳಿಸುವ ಮನೆಮದ್ದುಗಳು ನಮ್ಮ ಹೆಂಗಸರ ಬಾಯಲ್ಲಿ ಇಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣವಿರಬೇಕು. ಉರಿಗಿಂತ ನಾಲ್ಕು ಜನರ ಪ್ರಶ್ನೆಗೇ ನಾವು ಹೆಚ್ಚು ಹೆದರುವವರು.

ನಮ್ಮ ಅಜ್ಜಿಗೆ ಎಲ್ಲ ಕಣ್ಣಿನ ತೊಂದರೆಗೂ ಕಾರಣ ಒಂದೇ, ‘ಉಷ್ಣ’. ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದರು, ಗಂಧ ತೇಯ್ದು ಕಣ್ಣಿನ ಸುತ್ತ ಹಚ್ಚುತ್ತಿದ್ದರು, ಹಿತ್ತಲಿನ ನಂದಿಬಟ್ಟಲು ಹೂವನ್ನು ತಣ್ಣೀರಿನಲ್ಲಿ ಹಾಕಿ ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದರು. ಅತ್ತೆಯವರ ಕಾಲಕ್ಕೆ ಸೌತೆಕಾಯಿ ಬಿಲ್ಲೆ, ಆಲೂಗಡ್ಡೆ ತುರಿ ಬಂದವು. ಈಗಿನ ಹುಡುಗಿಯರು ಫ್ರಿಜ್ಜಿನಲ್ಲಿಟ್ಟ ಚಮಚ, ನೆನೆಸಿ ತಣ್ಣಗೆ ಮಾಡಿದ ಟೀ ಬ್ಯಾಗು ಎನ್ನುತ್ತಾರೆ. ಕಾಲ ಬದಲಾದಂತೆ ಸಾಮಾನು ಬದಲಾಗಿದೆಯೇ ಹೊರತು ಉಪಾಯ ಬದಲಾಗಿಲ್ಲ. ಎಲ್ಲದರ ಒಳಗೂ ಇರುವುದು ತಂಪು.

ಆ ತಂಪಿಗೆ ಅರ್ಥವಿದೆ. ನಮ್ಮ ಮೈಯಲ್ಲೆಲ್ಲ ತೀರ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು, ಸುಮಾರು ಅರ್ಧ ಮಿಲಿಮೀಟರ್. ಅದರ ಕೆಳಗೆ ಕೊಬ್ಬು ಕಡಿಮೆ, ಹಿಡಿತ ಸಡಿಲ. ಹಾಗಾಗಿ ಸ್ವಲ್ಪ ನೀರು ತುಂಬಿಕೊಂಡರೂ ಅಲ್ಲಿ ಎದ್ದು ಕಾಣುತ್ತದೆ. ತಣ್ಣನೆಯದನ್ನು ಇಟ್ಟಾಗ ರಕ್ತನಾಳಗಳು ಕುಗ್ಗುತ್ತವೆ, ಉರಿ ಶಮನವಾಗುತ್ತದೆ, ಊತ ಕೊಂಚ ಇಳಿಯುತ್ತದೆ. ಸೌತೆಕಾಯಿಯಲ್ಲಿ ಹೆಚ್ಚು ಪಾಲು ಬರೀ ನೀರು. ಟೀ ಸೊಪ್ಪಿನಲ್ಲಿರುವ ಕೆಫೀನಿಗೆ ರಕ್ತನಾಳ ಕುಗ್ಗಿಸುವ ಗುಣವಿದೆ. ಆದರೆ ಶುಭ್ರವಾದ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಹತ್ತು ನಿಮಿಷ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಫಲ. ಐಸ್ ಗಡ್ಡೆಯನ್ನು ಮಾತ್ರ ನೇರವಾಗಿ ಒತ್ತಬಾರದು, ಆ ತೆಳು ಚರ್ಮ ತಡೆಯುವುದಿಲ್ಲ.

ಮನೆಯದು, ಗಿಡದ್ದು ಎಂದ ಮಾತ್ರಕ್ಕೆ ಎಲ್ಲವೂ ಸಾಧು ಎಂದು ತಿಳಿಯಬೇಡಿ. ನಂದಿಬಟ್ಟಲಿನ ತೊಟ್ಟು ಮುರಿದರೆ ಬರುವ ಹಾಲು ಕಣ್ಣಿಗೆ ಆಗದು. ಲೋಳೆಸರ ಕತ್ತರಿಸಿದಾಗ ಸುರಿಯುವ ಹಳದಿ ರಸವೂ ಅಷ್ಟೇ. ಅದನ್ನು ಚೆನ್ನಾಗಿ ತೊಳೆದು ಹೋಗಿಸದೆ ಲೋಳೆ ಮುಟ್ಟಬಾರದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುವುದುಂಟು. ಕಣ್ಣು ಕೆಂಪಾದ ಮಗುವಿಗೆ ಎದೆಹಾಲು ಹಿಂಡುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದರಿಂದ ಸೋಂಕು ಹೆಚ್ಚುವ ಸಂಭವವಿದೆ. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ ಕೂಡ ಗಿಡವೇ ತಾನೆ! 1950ರ ದಶಕದಲ್ಲಿ ಪುಣೆಯ ಕಡೆ ಗಮನಕ್ಕೆ ಬಂದ ಈ ಕಳೆ ನಮ್ಮ ಊರೂರಿನ ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿದೆ. ಅದು ಒಗ್ಗದವರಿಗೆ ಗಾಳಿಯಲ್ಲಿ ಬಂದ ಅದರ ಧೂಳಿಗೇ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ತುರಿಕೆ ಏಳುತ್ತದೆ. ಅಂಥವರಲ್ಲಿ ಕೆಲವರಿಗೆ ಸೇವಂತಿಗೆ ಮುಡಿದರೂ ಕಷ್ಟ, ಎರಡೂ ಒಂದೇ ಕುಟುಂಬದ ಗಿಡಗಳು.

ಇನ್ನೊಂದು ಸೋಜಿಗ ಕೇಳಿ. ಉಗುರಿಗೆ ಹಚ್ಚಿದ ಬಣ್ಣ ಉಗುರಿಗೂ ಬೆರಳಿಗೂ ಏನೂ ಮಾಡದೆ ರೆಪ್ಪೆಯನ್ನು ಊದಿಸಬಲ್ಲದು. ದಿನಕ್ಕೆ ಎಷ್ಟು ಸಲ ನಾವು ಕಣ್ಣು ಮುಟ್ಟಿಕೊಳ್ಳುತ್ತೇವೆ, ಲೆಕ್ಕವುಂಟೆ? ಬೆರಳಿನ ದಪ್ಪ ಚರ್ಮ ತಡೆದುಕೊಂಡದ್ದನ್ನು ರೆಪ್ಪೆ ತಡೆಯದು. ತಲೆಗೂದಲಿನ ಕಪ್ಪು ಬಣ್ಣದ್ದೂ ಇದೇ ಕಥೆ. ಹಚ್ಚಿದ್ದು ತಲೆಗೆ, ಮರುದಿನ ಊದುವುದು ಕಣ್ಣು. ಇಂಥ ಕಡೆ ಸೌತೆಕಾಯಿ ಇಟ್ಟು ಫಲವಿಲ್ಲ. ಬಣ್ಣವನ್ನೇ ಬಿಡಬೇಕು. ಎಷ್ಟೋ ಸಲ ರೆಪ್ಪೆಗೆ ಬೇಕಾದ ಮದ್ದು ಹೊಸದೊಂದನ್ನು ಹಚ್ಚುವುದಲ್ಲ, ಹಚ್ಚುತ್ತಿರುವುದನ್ನು ನಿಲ್ಲಿಸುವುದು.

ಮನೆಮದ್ದಿನ ದೊಡ್ಡ ಅಪಾಯ ಬೇರೆಯೇ ಇದೆ ಎಂದು ನನಗೆ ತಿಳಿದದ್ದು ಶಾಲೆಯಲ್ಲಿ. ಕೆಲವು ವರ್ಷಗಳ ಹಿಂದೆ ಮೂರನೇ ತರಗತಿಯ ಹುಡುಗನೊಬ್ಬ ಪ್ರಾರ್ಥನೆಯ ಹೊತ್ತಿಗೆ ಕಣ್ಣೇ ಕಾಣದಷ್ಟು ಊದಿದ ಮುಖದಲ್ಲಿ ನಿಂತಿರುತ್ತಿದ್ದ. ಸುತ್ತ ಗಂಧದ ಲೇಪ ಬೇರೆ. ತಾಯಿಯನ್ನು ಕೇಳಿದೆ. “ಏನೋ ಧೂಳಿಗೆ ಹಂಗಾಗುತ್ತೆ ಮೇಡಮ್ಮೋರೇ. ಗಂಧ ಹಚ್ಚಿದ್ರೆ ಮಧ್ಯಾಹ್ನದೊಳಗೆ ಇಳಿದುಬಿಡುತ್ತೆ” ಎಂದಳು. ನಿಜ, ಮಧ್ಯಾಹ್ನಕ್ಕೆ ಮುಖ ಇಳಿದಿರುತ್ತಿತ್ತು. ಆದರೆ ಸಂಜೆ ಆಟದ ಪಿರಿಯಡ್ಡಿನಲ್ಲಿ ಅವನು ಕಾಲುಚೀಲ ಕಳಚಿದಾಗ ನೋಡಿದೆ, ಕಣಕಾಲಿನ ಸುತ್ತ ಹಗ್ಗ ಬಿಗಿದಂತೆ ಆಳವಾದ ಗುರುತು. ಬೆಳಿಗ್ಗೆ ಕಣ್ಣಿನಲ್ಲಿದ್ದ ನೀರು ಸಂಜೆಗೆ ಕಾಲಿಗೆ ಇಳಿದಿತ್ತು, ಅಷ್ಟೆ. ಮಲಗಿದಾಗ ಮುಖಕ್ಕೆ, ಓಡಾಡಿದಾಗ ಕಾಲಿಗೆ; ಗಂಧಕ್ಕೆ ಸುಮ್ಮನೆ ಹೆಸರು ಬಂದಿತ್ತು. “ನಾಳೆಯೇ ಡಾಕ್ಟರಿಗೆ ತೋರಿಸಮ್ಮ, ಶಾಲೆಗೆ ಬರದಿದ್ದರೂ ಪರವಾಗಿಲ್ಲ” ಎಂದೆ. ಮೂತ್ರ ಪರೀಕ್ಷೆ ಮಾಡಿದರು. ಮೂತ್ರಪಿಂಡದಿಂದ ಪ್ರೋಟೀನ್ ಸೋರಿಹೋಗುತ್ತಿತ್ತು. ತಿಂಗಳುಗಟ್ಟಲೆ ಮಾತ್ರೆ, ಉಪ್ಪು ಕಡಿಮೆ ಮಾಡಿದ ಊಟ. ಹುಡುಗ ಗುಣವಾದ. ಮಕ್ಕಳ ಈ ಕಾಯಿಲೆ ಮೊದಲು ಕಣ್ಣಿನ ಸುತ್ತಲೇ ತೋರುವುದು, ಅದನ್ನು ಅಲರ್ಜಿ ಎಂದುಕೊಳ್ಳುವುದು ಬಹಳ ಸಾಮಾನ್ಯವಂತೆ. ಮೂತ್ರ ನೊರೆನೊರೆಯಾಗಿದೆಯೇ, ಪ್ರಮಾಣ ಕಡಿಮೆಯಾಗಿದೆಯೇ ಎಂದು ತಾಯಂದಿರು ಗಮನಿಸಬೇಕು.

ನಮ್ಮ ವಯಸ್ಸಿನ ಹೆಂಗಸರಿಗೂ ಒಂದು ಮಾತು. ಕಣ್ಣಿನ ಸುತ್ತ ಸದಾ ಬಾವು, ಜೊತೆಗೆ ಆಯಾಸ, ತೂಕ ಏರುವುದು, ಮಲಬದ್ಧತೆ, ಎಲ್ಲರಿಗಿಂತ ಹೆಚ್ಚು ಚಳಿ ಇದ್ದರೆ ‘ವಯಸ್ಸಾಯಿತಲ್ಲ’ ಎಂದು ಕೂರಬೇಡಿ, ಥೈರಾಯಿಡ್ ರಕ್ತಪರೀಕ್ಷೆ ಮಾಡಿಸಿ. ಒಂದೇ ಕಣ್ಣು ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ, ದೃಷ್ಟಿ ಮಂಜಾದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.

ಇವ್ಯಾವುದೂ ಇಲ್ಲದೆ, ನಿದ್ದೆಗೆಟ್ಟೋ ಅತ್ತೋ ಕಣ್ಣು ಊದಿದ್ದರೆ ಅಜ್ಜಿಯ ದಾರಿಯೇ ದಾರಿ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಲಗುವಾಗ ಇನ್ನೊಂದು ದಿಂಬು ಇಟ್ಟುಕೊಳ್ಳಿ. ಕಣ್ಣಿನ ಕಪ್ಪು ತೊಳೆದೇ ಮಲಗಿ. ಉಜ್ಜಬೇಡಿ. ಮತ್ತೆ ಆ ಒದ್ದೆ ಬಟ್ಟೆ.

ಆ ಬಟ್ಟೆಗೆ ಇನ್ನೂ ಒಂದು ಗುಣವಿದೆ. ಬರೀ ಸುಸ್ತೆಂದು ಹೆಂಗಸು ಅಡ್ಡಾದರೆ ಮನೆಯಲ್ಲಿ ಹತ್ತು ಸಲ ಕರೆಯುತ್ತಾರೆ. ಕಣ್ಣಿನ ಮೇಲೆ ಬಟ್ಟೆ ಇಟ್ಟುಕೊಂಡು ಮಲಗಿದರೆ ‘ಪಾಪ, ಮದ್ದು ಮಾಡಿಕೊಳ್ಳುತ್ತಿದ್ದಾಳೆ’ ಎಂದು ಸುಮ್ಮನಿರುತ್ತಾರೆ. ಹತ್ತು ನಿಮಿಷ ಎಂದು ಬರೆದೆ. ಇಪ್ಪತ್ತು ನಿಮಿಷ ಇಟ್ಟುಕೊಂಡರೂ ತೊಂದರೆಯೇನಿಲ್ಲ.