ಎರಡು ವಾರ ತಡವಾದ ಹಂಪಿ

ಹೊರಡುವ ಹಿಂದಿನ ರಾತ್ರಿ ಮೊಮ್ಮಗಳಿಗೆ ಜ್ವರ. ಹೊಸಪೇಟೆಯ ಹೋಟೆಲಿಗೆ ಫೋನ್ ಮಾಡಿದೆ. 24 ಗಂಟೆಯೊಳಗೆ ರದ್ದು ಮಾಡಿದರೆ ಒಂದು ದಿನದ ಬಾಡಿಗೆ ಹೋಯಿತು ಎಂದಳು ಅಲ್ಲಿನ ಹುಡುಗಿ. 'ನಾನು ನಿಮ್ಮ ಬೆಳ್ಳಿ ಕಾರ್ಡಿನ ಸದಸ್ಯ!' ಎಂದು ದನಿ ಏರಿಸಿದೆ. ಆ ಕಾರ್ಡಿಗೆ ಬೆಳಗಿನ ತಿಂಡಿ ಪುಕ್ಕಟೆ, ದಂಡ ಮನ್ನಾ ಇಲ್ಲವಂತೆ.

ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಗಿರಾಕಿ ರೇಗಿದಷ್ಟೂ ನಾವು ನಿಯಮ ತೋರಿಸುತ್ತಿದ್ದೆವು. ಮನ್ನಾ ಮಾಡುವ ಅಧಿಕಾರ ಗುಮಾಸ್ತನಿಗೆಲ್ಲಿ? ಅದು ಮ್ಯಾನೇಜರದು. ನೆನಪಾಗಿ ದನಿ ತಗ್ಗಿಸಿದೆ. 'ಹಣ ವಾಪಸು ಬೇಡಮ್ಮ. ಮಗುವಿಗೆ ಹುಷಾರಿಲ್ಲ. ತಾರೀಖು ಮುಂದಕ್ಕೆ ಹಾಕಬಹುದಾ ಅಂತ ಮ್ಯಾನೇಜರನ್ನು ಕೇಳಿ ಹೇಳ್ತೀಯಾ?'

ಹತ್ತು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು. ಆಗುತ್ತದಂತೆ! ಅದನ್ನು ಬರವಣಿಗೆಯಲ್ಲಿ ಕಳಿಸಲು ಹೇಳಿದೆ, ಹಳೇ ಚಟ.

ಎರಡು ವಾರ ಬಿಟ್ಟು ಹೋದೆವು. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಕಂಡದ್ದೇ ತಡ, ಮೊಮ್ಮಗಳು ನನ್ನ ಜೇಬಿನಿಂದ 50 ರೂಪಾಯಿಯ ನೋಟು ತೆಗೆದು ಹಿಂದೆ ತಿರುಗಿಸಿದಳು. ಅದೇ ರಥ!

'ತಾತ, ಹೀಗೇ ಕಾಣಬೇಕಾದರೆ ಎಲ್ಲಿ ನಿಲ್ಲಬೇಕು?'

ಆ ಜಾಗ ಹುಡುಕುವಷ್ಟರಲ್ಲಿ ಬಿಸಿಲು ಇಳಿದಿತ್ತು.