ಫ್ರಿಜ್‌ನ ಬೆನ್ನ ಕಡೆಗೂ ಸ್ವಲ್ಪ ನೋಡಿ

ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಲ್ಯಾಪ್‌ಟಾಪ್ ಜೊತೆ ಫ್ರಿಜ್‌ಗೂ ಕುಂಕುಮ, ಹೂವು ಸಿಗತ್ತೆ. ಬಾಗಿಲು ಫಳಫಳ ಹೊಳೆಯೋ ಹಾಗೆ ಒರೆಸ್ತೀವಿ. ಆದರೆ ಗೋಡೆ ಕಡೆ ಮುಖ ಮಾಡಿರೋ ಅದರ ಬೆನ್ನನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಯಾರೂ ನೋಡಿರೋದಿಲ್ಲ.

ನಮ್ಮ ಮನೆಯಲ್ಲಿ ಫ್ರಿಜ್ ಬರೀ ದೋಸೆ ಹಿಟ್ಟು, ಹಾಲು ಇಡೋ ಪೆಟ್ಟಿಗೆ ಅಲ್ಲ. ಹಾಸನದಿಂದ ಅಮ್ಮ ನಮ್ಮ ಜೊತೆ ಇರೋಕೆ ಬೆಂಗಳೂರಿಗೆ ಬಂದ ಮೇಲೆ ಅವಳ ಇನ್ಸುಲಿನ್ ಇರೋದೂ ಅದರಲ್ಲೇ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿ ಬಳಸೋ ಹಾಗಿಲ್ಲ, ಎಸೆಯಬೇಕು. ಅದಕ್ಕೇ ಫ್ರೀಜರ್ ಹತ್ತಿರ ಇಡಲ್ಲ. ಪದೇ ಪದೇ ತೆರೆಯೋ ಬಾಗಿಲಲ್ಲೂ ಇಡಲ್ಲ. ಮಧ್ಯದ ತಟ್ಟೆಯೇ ಅದರ ಜಾಗ.

ಇನ್ನೊಂದು ವಿಷಯ. ಒಳಗಿನ ಗುಂಡಿಯ ಮೇಲಿರೋ 1, 2, 3 ಅನ್ನೋದು ಡಿಗ್ರಿ ಅಲ್ಲ. ಸಾಮಾನ್ಯವಾಗಿ ಸಂಖ್ಯೆ ಹೆಚ್ಚಾದಷ್ಟೂ ತಂಪು ಹೆಚ್ಚು, ಅಷ್ಟೇ. ನಾನು ಮಧ್ಯದ ತಟ್ಟೆಯಲ್ಲಿ ಒಂದು ಪುಟ್ಟ ಥರ್ಮಾಮೀಟರ್ ಇಟ್ಟಿದ್ದೇನೆ. 4ರ ಆಸುಪಾಸು ತೋರಿಸಿದರೆ ನೆಮ್ಮದಿ. ಡಿಸೆಂಬರ್ ಚಳಿಗೆ ಗುಂಡಿಯನ್ನು ಸ್ವಲ್ಪ ಇಳಿಸ್ತೀನಿ, ಏಪ್ರಿಲ್‌ಗೆ ಏರಿಸ್ತೀನಿ.

ಅಮ್ಮನಿಗೆ ಕರೆಂಟ್ ಬಿಲ್ಲಿನ ಚಿಂತೆ. "ರಾತ್ರಿ ಹೊತ್ತು ಯಾರು ತೆಗೀತಾರೆ, ಆಫ್ ಮಾಡೇ" ಅಂತಾಳೆ. ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ಇದೆ. ಆದರೆ ರಾತ್ರಿ ಏರಿದ ಬಿಸಿಯನ್ನು ಬೆಳಿಗ್ಗೆ ಇಳಿಸೋಕೆ ಕಂಪ್ರೆಸರ್ ಬಿಡುವಿಲ್ಲದೆ ಓಡಬೇಕು. ಉಳಿತಾಯ ಹೇಳಿಕೊಳ್ಳುವಷ್ಟಿರಲ್ಲ, ಹಾಲು ಹುಳಿಯಾಗತ್ತೆ. "ನಿನ್ನ ಇನ್ಸುಲಿನ್ ಕೆಟ್ಟರೆ?" ಅಂದೆ. ಆ ಮಾತು ಅಲ್ಲಿಗೇ ನಿಂತಿತು.

ಹಾಗಂತ ಅಮ್ಮನ ಚಿಂತೆ ಸುಳ್ಳಲ್ಲ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಗಡಿಯ ಹತ್ತಿರ ಇರೋ ಮನೆಗೆ ಐದಾರು ಯೂನಿಟ್ಟೂ ದೊಡ್ಡದೇ. ಫ್ರಿಜ್ ಮೇಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರತ್ತೆ. 240 ಅಂತಿದ್ದರೆ ತಿಂಗಳಿಗೆ 20. ಆದರೆ ಅದು ಪ್ರಯೋಗಾಲಯದ ಲೆಕ್ಕ. ನಮ್ಮ ಅಡುಗೆಮನೆಯ ಲೆಕ್ಕ ಏರೋದು ಹಿಂಬದಿಯ ಧೂಳಿನಿಂದ, ಸಡಿಲವಾದ ಬಾಗಿಲಿನಿಂದ.

ಒಳಗಿನ ಬಿಸಿಯನ್ನು ಫ್ರಿಜ್ ಹೊರಹಾಕೋದು ಕಾಯಿಲ್ ಮೂಲಕ. ಅದರ ಮೇಲೆ ಧೂಳು ಕೂತರೆ ಬಿಸಿ ಹೋಗಲ್ಲ, ಕಂಪ್ರೆಸರ್ ಹೆಚ್ಚು ಹೊತ್ತು ಓಡತ್ತೆ. ಪ್ಲಗ್ ಕಿತ್ತು, ಮೆತ್ತನೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಎಷ್ಟೋ ಹೊಸ ಮಾಡೆಲ್‌ಗಳಲ್ಲಿ ಕಾಯಿಲ್ ಪಕ್ಕದ ತಗಡಿನೊಳಗೇ ಇರತ್ತೆ. ಪಕ್ಕ ಬೆಚ್ಚಗಿದ್ದರೆ ಗಾಬರಿ ಬೇಡ, ಗಾಳಿಯಾಡೋಕೆ ಎರಡೂ ಕಡೆ ಜಾಗ ಬಿಡಿ. ಬಾಗಿಲ ರಬ್ಬರ್ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ. ನೋಟು ಸಲೀಸಾಗಿ ಜಾರಿ ಬಂದರೆ ತಂಪೂ ಅಲ್ಲೇ ಸೋರ್ತಿದೆ. ಮೊದಲು ಸೋಪಿನ ನೀರಲ್ಲಿ ಜಿಡ್ಡು ಒರೆಸಿ, ಆಗಲೂ ಹಿಡಿಯದಿದ್ದರೆ ರಬ್ಬರ್ ಬದಲಿಸಿ. ಹಳೇ ಸಿಂಗಲ್ ಡೋರ್ ಆದರೆ ಐಸ್ ದಪ್ಪವಾಗೋ ಮುಂಚೆಯೇ ಕರಗಿಸಿ. ಚಾಕುವಿನಿಂದ ಕೆರೆಯೋದು ಬೇಡವೇ ಬೇಡ, ಪೈಪ್ ತೂತಾದರೆ ಗ್ಯಾಸ್ ಹೋಗತ್ತೆ.

ಇಷ್ಟೆಲ್ಲ ದುಡ್ಡಿನ ಮಾತು. ಅದಕ್ಕಿಂತ ಮುಖ್ಯವಾದದ್ದು ಕೆಳಗಿದೆ. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಕರಗಿದ ನೀರು ಹಿಂದೆ ಕಂಪ್ರೆಸರ್ ಮೇಲಿನ ಟ್ರೇಗೆ ಬೀಳತ್ತೆ. ಆ ಬಿಸಿಗೆ ಅದು ಆರಬೇಕು. ಮಳೆಗಾಲದ ತೇವದಲ್ಲಿ ಬೇಗ ಆರಲ್ಲ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ನಿಂತ ಸ್ವಚ್ಛ ನೀರು ಅಷ್ಟಿದ್ದರೂ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನೆನಪಿರಬಹುದು. ನಮ್ಮ ಬೀದಿಗೆ ಲಾರ್ವಾ ನೋಡೋಕೆ ಬಂದ ಆಶಾ ಕಾರ್ಯಕರ್ತೆ ಕೇಳಿದ ಮೊದಲ ಪ್ರಶ್ನೆಯೇ "ಮೇಡಂ, ಫ್ರಿಜ್ ಹಿಂದೆ ನೋಡಬಹುದಾ?" ನಮ್ಮ ಟ್ರೇ ಒಣಗಿತ್ತು. ಕೆಳಮನೆಯ ಟ್ರೇಯಲ್ಲಿ ಹುಳು ಮಿಸುಕಾಡ್ತಿದ್ದವು. ಆ ಮನೆಯಲ್ಲಿ ಮೂರು ವರ್ಷದ ಮಗು ಇದೆ.

ಮೊಟ್ಟೆ ಹಾರುವ ಸೊಳ್ಳೆಯಾಗೋಕೆ ಸುಮಾರು ಎಂಟು ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಿದರೆ ಆ ಸರಪಳಿ ಮುರಿಯತ್ತೆ. ಟ್ರೇ ಬಿಚ್ಚೋಕೆ ಬರದಿದ್ದರೆ ಪ್ಲಗ್ ಕಿತ್ತು, ಸ್ಪಂಜಿನಿಂದ ನೀರು ಹೀರಿ ಅಂಚನ್ನು ಉಜ್ಜಿ. ಮೊಟ್ಟೆ ಅಂಟಿಕೊಳ್ಳೋದು ಅಲ್ಲೇ.

ಈಗ ಶನಿವಾರ ಬಂತೆಂದರೆ ಅಮ್ಮನದೇ ವರಾತ, "ಟ್ರೇ ನೋಡಿದ್ಯೇನೇ?" ಅಂತ. ಕೆಳಮನೆಯವರಿಗೂ ಮೆಟ್ಟಿಲ ಮೇಲಿಂದಲೇ ಕೂಗಿ ಕೇಳ್ತಾಳೆ. ಐದು ನಿಮಿಷದ ಕೆಲಸ. ಈ ವಾರ ನೀವೂ ಒಮ್ಮೆ ಫ್ರಿಜ್ ಮುಂದಕ್ಕೆ ಎಳೆದು ನೋಡಿ.