ಸಣ್ಣಕ್ಷರದ ಆಟಗಾರರು

ಊರಿನ ಫುಟ್‌ಬಾಲ್ ಪಂದ್ಯಕ್ಕೆ ರಿಪ್ಲೇ ಇಲ್ಲ. ಗೋಲು ಬಿತ್ತೆಂದರೆ ಬಿತ್ತು. ಚೆಂಡು ಯಾರ ಕಾಲಿಂದ ಹೊರಟಿತು, ನಡುವೆ ಎದುರಾಳಿಯ ಮೊಣಕಾಲಿಗೆ ತಗುಲಿ ದಿಕ್ಕು ತಪ್ಪಿತೇ, ಲೈನ್ಸ್‌ಮನ್ ಬಾವುಟವನ್ನು ಅರ್ಧ ಎತ್ತಿ ಇಳಿಸಿದನೇ, ಆಗ ಎಷ್ಟನೇ ನಿಮಿಷ, ಇವಿಷ್ಟೂ ಒಂದೇ ನೋಟಕ್ಕೆ ಸಿಗಬೇಕು. ಸಿಗದಿದ್ದರೆ ಮತ್ತೆ ಸಿಗುವುದಿಲ್ಲ. ದೊಡ್ಡ ಪಂದ್ಯಗಳ ಪ್ರೆಸ್ ಬಾಕ್ಸಿನಲ್ಲಿ ಪಕ್ಕದವರನ್ನು ಕೇಳಬಹುದು, ಎದುರಿಗಿರುವ ಟಿ.ವಿ. ನೋಡಬಹುದು, ಅಂಕಿಅಂಶದ ಹಾಳೆ ತಾನಾಗಿ ಕೈಸೇರುತ್ತದೆ. ಲೀಗ್ ಪಂದ್ಯಕ್ಕೆ ಹೋದ ವರದಿಗಾರ ಎಷ್ಟೋ ಸಲ ಒಬ್ಬನೇ ಇರುತ್ತಾನೆ. ಮರುದಿನ ಪತ್ರಿಕೆಯಲ್ಲಿ ಅವನು ಬರೆದದ್ದೇ ಆ ಪಂದ್ಯದ ಚರಿತ್ರೆ. ಹೋಲಿಸಿ ನೋಡಲು ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಈ ಕೆಲಸದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಈ ಹೊಣೆ. ಇವತ್ತಿಗೂ ಬಿಟ್ಟಿಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನ ನೆಹರೂ ಮೈದಾನದಲ್ಲಿ. ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ ಅಲ್ಲಿ ವಿದ್ಯಾರ್ಥಿಗಳ ಇಂಡಿಪೆಂಡೆನ್ಸ್ ಕಪ್ ಫುಟ್‌ಬಾಲ್ ನಡೆಯುತ್ತದೆ. ಆಗಸ್ಟ್ ತಿಂಗಳ ಕರಾವಳಿಯ ಮಳೆ ಗೊತ್ತಿರುವವರಿಗೆ ಆ ಆಟ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎರಡೂ ತಂಡಗಳ ಜೆರ್ಸಿ ಒಂದೇ ಬಣ್ಣಕ್ಕೆ ತಿರುಗುತ್ತವೆ. ಬೆನ್ನಿನ ನಂಬರು ಕೆಸರಿನಡಿ ಸೇರಿಹೋಗುತ್ತದೆ. ಆಮೇಲೆ ಹುಡುಗರನ್ನು ಓಟದಿಂದಲೇ ಗುರುತಿಸಬೇಕು: ಒಬ್ಬ ಭುಜ ಒಂದಿಷ್ಟು ವಾಲಿಸಿ ಓಡುತ್ತಾನೆ, ಇನ್ನೊಬ್ಬ ಪಾಸು ಕೊಟ್ಟ ಮೇಲೆ ಒಂದು ಕ್ಷಣ ನಿಂತು ನೋಡುತ್ತಾನೆ, ಮತ್ತೊಬ್ಬನಿಗೆ ಎಡಗಾಲೇ ಎಲ್ಲ. ಚೆಂಡು ನೀರಿನ ಗುಂಡಿಯಲ್ಲಿ ಸತ್ತು ನಿಂತಾಗ ಅದನ್ನು ಒದೆಯುವುದಕ್ಕಿಂತ ಮೇಲೆತ್ತುವುದು ಜಾಣತನ ಎಂಬುದು ಅಲ್ಲಿಯ ಹತ್ತು ಹನ್ನೆರಡರ ಮಕ್ಕಳಿಗೂ ಗೊತ್ತು. ಚಳಿಗಾಲದಲ್ಲಿ ಟಿ.ವಿ.ಯಲ್ಲಿ ಕಾಣುವ ನುಣುಪು ಹುಲ್ಲಿನ ಆಟಕ್ಕೂ ಇದಕ್ಕೂ ನಿಯಮ ಒಂದೇ, ಬೇಕಾಗುವ ಬುದ್ಧಿ ಬೇರೆ.

ಗೋಲಾದ ಮೇಲೆ ಹೆಸರು ಹುಡುಕುವ ಕೆಲಸ. ಕೋಚ್ ಗಡಿರೇಖೆಯಾಚೆಯಿಂದ ಕೂಗುವುದು ಅಡ್ಡಹೆಸರು. ನಾಲ್ಕನೇ ಅಧಿಕಾರಿಯ ಮೇಜಿನ ಮೇಲೆ ತಂಡದ ಪಟ್ಟಿ ಇರುತ್ತದೆ, ಅದು ನೆನೆದು ಶಾಯಿ ಹರಿದಿರುತ್ತದೆ. ಒಂದೇ ತಂಡದಲ್ಲಿ ಒಂದೇ ಹೆಸರಿನವರು ಮೂವರಿದ್ದರೆ ಇನಿಷಿಯಲ್ ಬೇಕು. ನಾನು ಹುಡುಗನ ಹತ್ತಿರವೇ ಹೋಗಿ, ಹೆಸರನ್ನು ಅವನ ಬಾಯಲ್ಲೇ ಹೇಳಿಸಿ, ಬರೆದದ್ದನ್ನು ಅವನಿಗೆ ತೋರಿಸುತ್ತೇನೆ. ಇದು ಅತಿಯೆಂದು ಕೆಲವು ಗೆಳೆಯರಿಗೆ ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ. ಆ ಹುಡುಗನ ಹೆಸರು ಅಚ್ಚಾಗುವುದು ಬದುಕಿನಲ್ಲಿ ಅದೇ ಮೊದಲ ಸಲ ಇರಬಹುದು, ಕೊನೆಯ ಸಲವೂ ಇರಬಹುದು. ಮನೆಯಲ್ಲಿ ಅದನ್ನು ಕತ್ತರಿಸಿ ಪ್ರಮಾಣಪತ್ರಗಳ ಕಡತದಲ್ಲಿ ಇಡುತ್ತಾರೆ. ಅಂಥ ಕಡತಗಳನ್ನು ನಾನು ನೋಡಿದ್ದೇನೆ. ಒಂದೇ ಕಾಲಮ್ಮಿನ ನಾಲ್ಕು ಸಾಲು, ಪ್ಲಾಸ್ಟಿಕ್ ಹೊದಿಸಿ, ಹೆಸರಿನ ಕೆಳಗೆ ಪೆನ್ನಿನ ಗೆರೆ ಎಳೆದಿದ್ದು.

ಕ್ರಿಕೆಟ್ಟಿನಲ್ಲಿ ಈ ಒಂಟಿತನ ಇಲ್ಲ. ಅಲ್ಲಿ ಸ್ಕೋರರ್ ಇರುತ್ತಾನೆ. ಊರಿನ ಕ್ರಿಕೆಟ್ ಬದುಕಿರುವುದು ಸ್ಕೋರರ್‌ಗಳಿಂದ ಎಂದು ನಾನು ನಂಬಿದ್ದೇನೆ. ಮರದ ಕೆಳಗೆ ಮೇಜು, ಎರಡು ಕುರ್ಚಿ, ಎರಡು ಪುಸ್ತಕ. ಎರಡು ತಂಡಗಳ ಸ್ಕೋರರ್‌ಗಳು ಪಕ್ಕಪಕ್ಕ ಕುಳಿತು ಓವರಿಗೊಮ್ಮೆ ಲೆಕ್ಕ ತಾಳೆ ನೋಡುತ್ತಾರೆ. ಅಂಪೈರ್ ಕೈ ಎತ್ತಿದರೆ ಇವರೂ ಕೈ ಎತ್ತಿ ಕಂಡೆವೆಂದು ತಿಳಿಸಬೇಕು. ಒಳ್ಳೆಯ ಸ್ಕೋರರ್ ಪುಸ್ತಕವನ್ನು ತುಂಬುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ರನ್ ಬಾರದ ಎಸೆತಕ್ಕೆ ಚುಕ್ಕಿ. ಬೈಗೆ ತ್ರಿಕೋನ, ಲೆಗ್‌ಬೈಗೆ ತಲೆಕೆಳಗಾದ ತ್ರಿಕೋನ, ನೋಬಾಲಿಗೆ ವೃತ್ತ, ವೈಡಿಗೆ ಕೂಡಿಸುವ ಗುರುತು. ಓವರ್ ಪೂರ್ತಿ ಮೇಡನ್ ಆದರೆ ಆರೂ ಚುಕ್ಕಿಗಳನ್ನು ಗೆರೆಯಿಂದ ಜೋಡಿಸಿ ಇಂಗ್ಲಿಷಿನ ‘ಎಂ’ ಮಾಡುತ್ತಾರೆ. ಮೇಡನ್ ಓವರಿನಲ್ಲಿ ವಿಕೆಟ್ಟೂ ಬಿದ್ದಿದ್ದರೆ ಗೆರೆ ತಿರುಗಿ ‘ಡಬ್ಲ್ಯು’ ಆಗುತ್ತದೆ. ಇನಿಂಗ್ಸ್ ಮುಗಿದಾಗ ಬ್ಯಾಟಿಂಗಿನ ಮೊತ್ತಕ್ಕೆ ಇತರೆ ರನ್ ಸೇರಿಸಬೇಕು, ಬೌಲರ್‌ಗಳು ಕೊಟ್ಟದ್ದಕ್ಕೆ ಬೈ, ಲೆಗ್‌ಬೈ ಸೇರಿಸಬೇಕು. ಎರಡೂ ಒಂದೇ ಆಗಬೇಕು. ಒಂದು ರನ್ ವ್ಯತ್ಯಾಸ ಬಂದರೆ ಎಲ್ಲರೂ ಬಸ್ಸು ಹತ್ತಿ ಹೋದ ಮೇಲೂ ಆ ಇಬ್ಬರು ಕತ್ತಲಾಗುವವರೆಗೆ ಕೂತು ಅದನ್ನು ಹುಡುಕುತ್ತಾರೆ. ನೋಡುವವರು ಯಾರೂ ಇಲ್ಲದ ಕಡೆ, ಸಂಬಳವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲದೆ, ಒಂದು ರನ್ನಿಗಾಗಿ ಇಷ್ಟು ಶ್ರದ್ಧೆ. ನಾನು ಯಾವ ಆಟಗಾರನಿಗೂ ಇದಕ್ಕಿಂತ ಹೆಚ್ಚು ತಲೆಬಾಗಿಲ್ಲ.

ಮ್ಯಾಟ್ ವಿಕೆಟ್ಟಿನ ಮೇಲೆ ಆಡುವ ಕ್ರಿಕೆಟ್ಟನ್ನು ಹೊಸಬರು ನೋಡಬೇಕು. ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ ಮೊಳೆ ಹೊಡೆಯುತ್ತಾರೆ. ಬಿಗಿಯಾಗಿ ಎಳೆದರೆ ಚೆಂಡು ಚಿಮ್ಮಿ ಏಳುತ್ತದೆ, ಸಡಿಲ ಬಿಟ್ಟರೆ ಹಿಡಿದು ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ಮ್ಯಾಟ್ ಎಳೆಯುವಾಗ ಎರಡೂ ನಾಯಕರು ಪಕ್ಕದಲ್ಲೇ ನಿಂತಿರುತ್ತಾರೆ. ಕೆಎಸ್‌ಸಿಎ ರಾಜ್ಯವನ್ನು ವಲಯಗಳಾಗಿ ಹಂಚಿಕೊಂಡಿದೆ: ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು, ಮತ್ತೆ ಬೆಂಗಳೂರು. ಈ ವಲಯಗಳ ಡಿವಿಷನ್ ಪಂದ್ಯಗಳ ವರದಿಯನ್ನು ಹೆಚ್ಚು ಜನ ಓದುವುದಿಲ್ಲ ಎಂಬ ಮಾತಿದೆ. ಆದರೆ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, ಚಂದ್ರಶೇಖರ್ ಮತ್ತು ಶ್ರೀನಾಥ್ ಮೈಸೂರಿನವರು. 2013–14 ಮತ್ತು 2014–15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಾಗ ನಾಯಕನಾಗಿದ್ದ ವಿನಯ್ ಕುಮಾರ್ ದಾವಣಗೆರೆಯ ಆಟೊ ಚಾಲಕರ ಮಗ. ಜಿಲ್ಲಾ ಪುಟದ ಮೂಲೆಯಲ್ಲಿ ಐದು ವಿಕೆಟ್ ಪಡೆದವನ ಹೆಸರನ್ನು ಬರೆಯುವಾಗ ನನಗೆ ಇವರ ನೆನಪಾಗುತ್ತದೆ. ಅವನು ಇವರಂತಾಗುತ್ತಾನೆಂದು ಅಲ್ಲ. ಹೆಚ್ಚಿನವರು ಆಗುವುದಿಲ್ಲ. ಆಗದವರ ಐದು ವಿಕೆಟ್ಟೂ ಐದೇ ವಿಕೆಟ್ಟು.

ಆಮೇಲೆ ಬೆಂಗಳೂರಿಗೆ ಬಂದೆ. ಇಲ್ಲಿ ಫುಟ್‌ಬಾಲಿನ ಊರು ದಂಡಿನ ಕಡೆ ಇದೆ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜತೆಗೆ ಪೆಲೆಯ ಪ್ರತಿಮೆಯೂ ಇದೆ. ಹೊರಗಿನವರು ಅದನ್ನು ಮೋಜಿನಂತೆ ನೋಡಿ ಫೋಟೊ ತೆಗೆದುಕೊಳ್ಳುತ್ತಾರೆ. ಆ ಬೀದಿಯವರಿಗೆ ಅದು ಮನೆಯ ಮಾತು. ಈ ಊರಿನ ಹಿಂದಿನ ಲೆಕ್ಕ ದೊಡ್ಡದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಸೇನೆಯ ತಂಡಗಳೇ ಎತ್ತಿಕೊಂಡು ಹೋಗುತ್ತಿದ್ದ ಆ ಕಪ್ ಭಾರತೀಯ ನಾಗರಿಕರ ತಂಡಕ್ಕೆ ದಕ್ಕಿದ್ದು ಆಗಲೇ ಮೊದಲು. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1–2ರಿಂದ ಸೋತ ಪಂದ್ಯದಲ್ಲಿ ನಮ್ಮ ಕಡೆಯ ಆ ಒಂದು ಗೋಲು ಮೈಸೂರಿನ ಎಸ್. ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಜನ ಪಂಚಪಾಂಡವರೆಂದು ಕರೆದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದರು.

ಅವರ ಕಾಲದ ಆಟವನ್ನು ನಾನು ನೋಡಿಲ್ಲ. ನೋಡಿದ್ದು ಕಾರ್ಖಾನೆ ತಂಡಗಳ ಕೊನೆಯ ಬೆಳಕನ್ನು. ಎಚ್‌ಎಎಲ್, ಐಟಿಐ, ಬಿಇಎಂಎಲ್. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ, ಬೆಳಿಗ್ಗೆ ಶಾಪಿನಲ್ಲಿ ಹಾಜರಿ, ಮಧ್ಯಾಹ್ನ ಅಭ್ಯಾಸಕ್ಕೆ ಬಿಡುವು. ದಂಡು ಪ್ರದೇಶದ ಎಷ್ಟೋ ಮನೆಗಳ ಅಡಿಪಾಯ ಒಂದು ಎಡಗಾಲಿನ ಮೇಲೆ ನಿಂತಿತ್ತು. ಎಚ್‌ಎಎಲ್ ತಂಡ 2010ರಲ್ಲಿ ಐ–ಲೀಗ್‌ಗೆ ಬಡ್ತಿ ಪಡೆದು, ಕಾರ್ಮಿಕರ ತಂಡವಾಗಿಯೇ ಕೋಲ್ಕತ್ತ, ಗೋವಾಗಳ ದುಡ್ಡಿನ ಕ್ಲಬ್ಬುಗಳ ಎದುರು ಆಡಿತು. ಆಮೇಲೆ ಹೊಸ ನೇಮಕಾತಿ ತೆಳುವಾಗುತ್ತ ಬಂತು, ತಂಡಗಳೂ ತೆಳುವಾದವು. 2013–14ರಲ್ಲಿ ಬೆಂಗಳೂರು ಎಫ್‌ಸಿ ಅಶೋಕನಗರದ ಕ್ರೀಡಾಂಗಣದಲ್ಲಿ ಆಡಿ ತನ್ನ ಮೊದಲ ವರ್ಷವೇ ಐ–ಲೀಗ್ ಗೆದ್ದಾಗ ಊರಿಗೆ ಊರೇ ಹೊಸದಾಗಿ ಫುಟ್‌ಬಾಲ್ ನೋಡಿತು. ನನಗೂ ಸಂತೋಷವೇ. ಆದರೂ ಆ ಕ್ರೀಡಾಂಗಣದಲ್ಲಿ ಮಧ್ಯಾಹ್ನದ ಬಿಸಿಲಿಗೆ ಸೂಪರ್ ಡಿವಿಷನ್ ಪಂದ್ಯ ನಡೆಯುವಾಗ ಕೃತಕ ಹುಲ್ಲಿನಿಂದ ಕಾವು ಮೇಲೇಳುತ್ತಿರುತ್ತದೆ, ಗ್ಯಾಲರಿಯಲ್ಲಿ ಹಳೆಯ ಆಟಗಾರರು ನೆರಳು ನೋಡಿಕೊಂಡು ಕೂತಿರುತ್ತಾರೆ, ಒಬ್ಬ ತಮಿಳಿನಲ್ಲಿ ಬಯ್ಯುತ್ತಾನೆ, ಇನ್ನೊಬ್ಬ ಉರ್ದುವಿನಲ್ಲಿ ಸಮಾಧಾನ ಮಾಡುತ್ತಾನೆ, ಕನ್ನಡದಲ್ಲಿ ಇಬ್ಬರೂ ರೆಫರಿಯನ್ನು ಕರೆಯುತ್ತಾರೆ. ಫುಟ್‌ಬಾಲ್ ನನಗೆ ಮನಸ್ಸಿನಲ್ಲಿ ಮೂಡುವುದು ಹೀಗೆಯೇ.

ಹವ್ಯಾಸಿಗಳ ಬಗ್ಗೆ ಬರೆಯುವಾಗ ಒಂದು ಪ್ರಶ್ನೆ ಯಾವಾಗಲೂ ಎದುರಾಗುತ್ತದೆ. ಗೋಲ್‌ಕೀಪರ್ ಕಾಲ ಸಂದಿಯಲ್ಲಿ ಚೆಂಡು ಬಿಟ್ಟ. ಪಂದ್ಯ ಹೋಯಿತು. ಹೆಸರು ಹಾಕಬೇಕೇ? ಅವನು ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವನೆಂದು ನನಗೆ ಗೊತ್ತು. ಕೋಟಿ ಎಣಿಸುವ ಆಟಗಾರನನ್ನು ಟೀಕಿಸುವ ಭಾಷೆ ಇವನಿಗೆ ಸಲ್ಲದು. ಹಾಗೆಂದು ಗೋಲನ್ನೇ ಬದಲಿಸಲಾಗದು. ‘ಕೀಪರ್ ಹಿಡಿತ ತಪ್ಪಿದ ಚೆಂಡನ್ನು ಗುರಿ ಸೇರಿಸಿದರು’ ಎಂದು ಬರೆಯುತ್ತೇನೆ. ನಡೆದದ್ದು ನಡೆದ ಹಾಗೇ ಇದೆ, ವಿಶೇಷಣ ಇಲ್ಲ, ಅವನ ಹೆಸರೂ ಇಲ್ಲ. ಈ ರಿಯಾಯಿತಿ ಆಟದ ತಪ್ಪಿಗೆ ಮಾತ್ರ. ಹದಿನಾರರ ವಯೋಮಿತಿಯ ಟೂರ್ನಿಯಲ್ಲಿ ಇಪ್ಪತ್ತು ದಾಟಿದವರನ್ನು ಇಳಿಸಿದ ತಂಡ, ರೆಫರಿಯ ಮೇಲೆ ಕೈ ಮಾಡಿದ ಅಧಿಕಾರಿ, ಬಹುಮಾನದ ಹಣ ಘೋಷಿಸಿ ಕೊಡದ ಸಂಘಟಕ, ಇವರಿಗೆ ಹವ್ಯಾಸಿಯೆಂಬ ಮಾಫಿ ಕೊಡಬಾರದು. ವಯಸ್ಸು ಮುಚ್ಚಿಡುವುದರಿಂದ ನಷ್ಟವಾಗುವುದು ನಿಜಕ್ಕೂ ಹದಿನೈದರ ಹುಡುಗನಿಗೆ, ಅವನು ಬೆಂಚಿನ ಮೇಲೆ ಕೂತಿರುತ್ತಾನೆ. ಸ್ಥಳೀಯ ಕ್ರೀಡೆಯ ಮೇಲೆ ಪ್ರೀತಿ ಇದೆಯೆಂದು ಇಂಥದ್ದನ್ನು ಬರೆಯದೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿತು. 1968–69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದಿದ್ದೇ ಕೊನೆ, ಮಧ್ಯೆ 54 ವರ್ಷ ಸರಿದಿತ್ತು. ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್ ಗೋಲು ಹೊಡೆದರು. ಆ ರಾತ್ರಿ ಯಾರು ಯಾರೋ ಫೋನ್ ಮಾಡಿ ಇವರೆಲ್ಲ ಯಾರು, ಎಲ್ಲಿಂದ ಬಂದರು ಎಂದು ಕೇಳಿದರು. ಎಲ್ಲಿಂದಲೂ ಹೊಸದಾಗಿ ಬಂದವರಲ್ಲ. ಆ ತಂಡದ ಎಷ್ಟೋ ಹುಡುಗರು ನಮ್ಮ ಲೀಗಿನಲ್ಲಿ ವಾರವಾರ ಆಡಿದವರು, ಪತ್ರಿಕೆಯಲ್ಲಿ ಕ್ರೀಡಾಪುಟದ ಕೆಳಮೂಲೆಯ ಸಣ್ಣಕ್ಷರದಲ್ಲಿ, ಪಕ್ಕದಲ್ಲಿ ಆವರಣದೊಳಗೆ ನಿಮಿಷದ ಅಂಕಿಯೊಂದಿಗೆ, ಮೊದಲೇ ಇದ್ದವರು. ಆ ವಾರ ಅವರ ಅಕ್ಷರದ ಗಾತ್ರ ದೊಡ್ಡದಾಯಿತು. ನನಗೆ ಆದ ಹೆಮ್ಮೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಈಗ ಕರಾವಳಿಯಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ನಡೆದರೆ ಯೂಟ್ಯೂಬಿನಲ್ಲಿ ನೇರ ಪ್ರಸಾರ ಇರುತ್ತದೆ. ತುಳು, ಕನ್ನಡ, ಬ್ಯಾರಿ ಬೆರೆಸಿದ ವೀಕ್ಷಕ ವಿವರಣೆಯನ್ನು ದುಬೈಯಲ್ಲಿ ಕೂತ ಊರವರು ಕೇಳುತ್ತಾರೆ. ಕ್ರಿಕ್‌ಹೀರೋಸ್‌ನಂಥ ಆ್ಯಪ್‌ಗಳಲ್ಲಿ ಎಸೆತ ಎಸೆತದ ಲೆಕ್ಕ ಉಳಿಯುತ್ತದೆ. ಗಲ್ಲಿ ಬೌಲರನಿಗೂ ಈಗ ತನ್ನ ಸರಾಸರಿ ಗೊತ್ತು, ಇದು ಬಹಳ ಒಳ್ಳೆಯದಾಯಿತು. ಫುಟ್‌ಬಾಲಿಗೆ ಇನ್ನೂ ಅಂಥ ಭಾಗ್ಯ ಬಂದಿಲ್ಲ. ಗೋಲು ಹೊಡೆದವನ ಹೆಸರು ಉಳಿಯುತ್ತದೆ, ಗೋಲು ತಡೆದವರ ಹೆಸರು ಉಳಿಯುವುದಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಜಾಗ ಸಿಗಲಿ ಬಿಡಲಿ, ನಾನು ಎರಡೂ ಕಡೆಯ ಹನ್ನೊಂದು ಹೆಸರು, ಬದಲಿಯಾಗಿ ಬಂದವರು, ಕಾರ್ಡು ಕಂಡವರು, ರೆಫರಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಈಚೆಗೆ ಒಂದು ಹಳೆಯ ಕ್ಲಬ್‌ನವರು ಬಹಳ ಹಿಂದೆ ತಮಗೆ ಬಡ್ತಿ ತಂದ ತಂಡದವರನ್ನೆಲ್ಲ ಕರೆದು ಸನ್ಮಾನಿಸಲು ಹೊರಟರು. ಫಾರ್ವರ್ಡ್‌ಗಳ ಹೆಸರು ಎಲ್ಲರಿಗೂ ನೆನಪಿತ್ತು, ಎಡಗಡೆಯ ಬ್ಯಾಕ್ ಯಾರೆಂದು ಒಬ್ಬರಿಗೂ ಹೊಳೆಯಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿತ್ತು. ಅವರೀಗ ಕೋಲಾರದ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ. ಮಗಳನ್ನೂ ಕರೆದುಕೊಂಡು ಬಂದರು. ಶಾಲು ಹೊದಿಸಿಕೊಂಡ ಮೇಲೆ ನೇರವಾಗಿ ನನ್ನ ಕಡೆ ಬಂದು, ಅವತ್ತು ರೆಫರಿ ಯಾರಿದ್ದರೆಂದು ಕೇಳಿ ತಿಳಿದುಕೊಂಡರು. ತನ್ನ ವಿರುದ್ಧ ಕೊಟ್ಟ ಆ ಪೆನಾಲ್ಟಿ ಪೆನಾಲ್ಟಿಯೇ ಅಲ್ಲವೆಂದು ಊಟದ ಎಲೆ ಎತ್ತುವವರೆಗೂ ವಾದಿಸಿದರು. ಮಗಳೂ ಅಪ್ಪನ ಕಡೆ. ನಾನು ಒಪ್ಪಲಿಲ್ಲ. ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: 71ನೇ ನಿಮಿಷ, ಹ್ಯಾಂಡ್‌ಬಾಲ್, ಬಲಗೈ.